ಐದೂವರೆ ಮನೆಯ ದ್ರೌಪದಿ

ಆ ಶುಕ್ರವಾರ ನಮ್ಮ ಯಜಮಾನರು ಕೊತ್ತಂಬರಿ ಕಟ್ಟು ಕಟ್ಟಿ ಮನೆಗೆ ಬಂದರು. ಅಮೆರಿಕದ ಈ ಕೆಂಡಲ್ ಪಾರ್ಕಿನ ಒಂದು ಇಂಡಿಯನ್ ಅಂಗಡಿಯಲ್ಲಿ ಅವರಿಗೆ ಅದೇ ಕೆಲಸ. ಸೊಪ್ಪು ತೊಳೆಯೋದು, ಕೊಳೆತ ಎಲೆ ಕೀಳೋದು, ರಬ್ಬರ್ ಬ್ಯಾಂಡ್ ಹಾಕೋದು. ನವೆಂಬರ್ ತಿಂಗಳು, ಕೈ ಮರಗಟ್ಟಿತ್ತು. ಒಲೆಯ ಮುಂದೆ ಕೈ ಚಾಚಿ ನಿಂತರು.

"ಏನ್ ಮಾಡಿದ್ದೀಯ?"

"ಹುರುಳಿಕಾಳು ಸಾರು, ಮುದ್ದೆ."

"ಹುರುಳಿ ಬ್ಯಾಡ ಕಣಮ್ಮಿ. ನಾಳೆ ಹಾಡ್ಬೇಕು. ಗಂಟಲು ಕಟ್ತದೆ."

"ಹಂಗಾದ್ರೆ ಬಿಸಿನೀರು ಕುಡಿದು ಮಲಿಕ್ಕೊಳ್ಳಿ."

"ಮುದ್ದೆ ಇಲ್ದೆ ಮಲಿಕ್ಕಂಡ್ರೆ ದುಶ್ಶಾಸನ ಬರೋ ಮೊದ್ಲೇ ಬಿದ್ದೋಗ್ತೀನಿ. ತುಪ್ಪ ಕಾಯಿಸು, ಅದ್ರಾಗೆ ನುಂಗ್ತೀನಿ."

ಮೊಮ್ಮಗಳು ಆನ್ಯಾ ಸೋಫಾ ಮೇಲೆ ಫೋನು ನೋಡ್ತಿದ್ದವಳು ತಲೆ ಎತ್ತದೆ ಕೇಳಿದಳು. "ತಾತಾ, ಆರ್ ಯು ರಿಯಲಿ ಗೋಯಿಂಗ್ ಟು ವೇರ್ ಅಮ್ಮಾಸ್ ಸ್ಯಾರಿ?"

"ಹೂಂ. ಅವಳ ಮದುವೆದು. ನಂಗೇ ಚೆನ್ನಾಗಿ ಒಪ್ತದೆ."

"ಮೈ ಫ್ರೆಂಡ್ಸ್ ಆರ್ ಕಮಿಂಗ್, ತಾತಾ."

"ಬರ್ಲಿ. ಅವರಿಗೂ ಒಂದೊಂದು ಸೀರೆ ಉಡಿಸು."

ಅವಳು ದಿಂಬು ಮುಖಕ್ಕೆ ಮುಚ್ಚಿಕೊಂಡಳು. ಇವರು ನಕ್ಕರು. ಉಂಡರು. ತಟ್ಟೆ ತಾವೇ ತೊಳೆದರು. ಉಪ್ಪುನೀರು ಮುಕ್ಕಳಿಸಿ ಮಲಗಿದರು. ಅಷ್ಟೇ. ನಾನು ಬೇರೆ ಏನೂ ನೋಡಿಟ್ಟುಕೊಳ್ಳಲಿಲ್ಲ. ಮಾಮೂಲಿ ದಿನ, ಯಾರು ನೋಡಿಟ್ಟುಕೊಳ್ಳುತ್ತಾರೆ.

ಅವರ ಹೆಸರು ಬೋರಲಿಂಗಯ್ಯ. ಮದುವೆಯಾದಾಗಿನಿಂದ ಬಾಯಿಬಿಟ್ಟು ಹೇಳಿಲ್ಲ. ಬರೆಯೋದಕ್ಕೆ ದೋಷವಿಲ್ಲ ಅಂತ ಮಗಳು ಲಾವಣ್ಯಾ ಅಂದಳು, ಬರೆದೆ. ಇಲ್ಲಿನ ಕನ್ನಡ ಸಂಘದ ಸಂಚಿಕೆಗೆ ಅವರ ಬದುಕು ಬರೆದುಕೊಡಿ ಆಂಟಿ ಅಂತ ಮಾಧವಿ ಕೇಳಿದ್ದಾರೆ. ಸಂಘದ ನಾಟಕ ಮಾಡಿಸಿದವರು ಅವರೇ.

ನಮ್ಮವರ ಊರು ತುರುವೇಕೆರೆ ಕಡೆ. ಅವರಪ್ಪನಿಗೆ ಆಲೆಮನೆ ಇತ್ತು. ಕಬ್ಬು ಅರೆದು, ಅದರ ಹಾಲು ಕುದಿಸಿ, ಬೆಲ್ಲ ಹೊಯ್ಯೋರು. ಆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಊರೂರಿಗೂ ಕುರುಕ್ಷೇತ್ರ ನಾಟಕ ಆಡ್ತಾರೆ. ಹಾರ್ಮೋನಿಯಂ ತಗೊಂಡು ಒಬ್ಬ ನಾಟಕದ ಮೇಷ್ಟ್ರು ಬರ್ತಾರೆ. ಊರ ಗಂಡಸರಿಗೆ ಪದ್ಯ ಕಲಿಸ್ತಾರೆ. ಆಗ ಹೆಣ್ಣಿನ ಪಾರ್ಟೂ ಗಂಡಸರೇ ಮಾಡೋರು. ಹಾರ್ಮೋನಿಯಂ ಕೀಲಿಗೆ ಮನೆ ಅಂತಾರೆ, ಮನೆ ಏರಿದಷ್ಟೂ ಶ್ರುತಿ ಏರುತ್ತೆ. ಗಂಡಸರು ಹಾಡೋದು ಒಂದೂವರೆ, ಎರಡು ಮನೆ ಶ್ರುತಿಯಲ್ಲಿ. ಐದೂವರೆ ಮನೆ ಹೆಂಗಸರದು, ಅದೂ ಎಲ್ಲ ಹೆಂಗಸರಿಗೆ ಬರಲ್ಲ. ಇವರು ಗಾಣದ ಎತ್ತು ಹೊಡೀತಾ ಅದರಲ್ಲಿ ಹಾಡಿಕೊಳ್ತಿದ್ದರಂತೆ. ಮೇಷ್ಟ್ರು ಕೇಳಿಸಿಕೊಂಡರು. ದ್ರೌಪದಿ ಸಿಕ್ಕಿದಳು ಅಂದರು.

ಅವರಪ್ಪನಿಗೆ ಗೊತ್ತಾಗಿದ್ದು ನಾಟಕದ ದಿನ. ಮಗ ಸೀರೆ ಉಟ್ಟು ನಿಂತಿದ್ದನ್ನ ನೋಡಿ ಮನೆಗೆ ಎದ್ದು ಹೋದ. ಮಾರನೇ ದಿನ ಆಲೆಮನೆಯಲ್ಲಿ ಕಬ್ಬಿನ ಜಲ್ಲೆ ಮುರಿಯೋವರೆಗೂ ಹೊಡೆದ. ಮುರಿದ ಮೇಲೆ ಇನ್ನೊಂದು ತಗೊಂಡ. ಕಬ್ಬಿಗೇನೂ ಬರವಿರಲಿಲ್ಲ. ಆಮೇಲೆ ಕುದಿಯೋ ಪಾಕದಿಂದ ಸಟ್ಟುಗ ಎತ್ತಿ ಬೆನ್ನಿಗೆ ಇಟ್ಟ. "ಸೀರೆ ಉಡ್ತೀಯಾ, ಇದನ್ನೂ ಉಡು" ಅಂದನಂತೆ. ಬೆಲ್ಲದ ಪಾಕ ನೀರಿನ ಹಾಗಲ್ಲ, ಹತ್ತಿಕೊಂಡರೆ ಬಿಡಲ್ಲ. ಕಿತ್ತರೆ ಚರ್ಮ ಬರುತ್ತೆ. ಆ ಗುರುತು ಅಂಗೈಯಗಲ ಇತ್ತು. ನಾನು ಬೆನ್ನು ಉಜ್ಜುವಾಗ ಅಲ್ಲಿ ಮಾತ್ರ ಕೈ ನುಣ್ಣಗೆ ಜಾರೋದು.

ಬೆನ್ನು ಒಣಗಿದ ಮೇಲೆ ಮನೆ ಬಿಟ್ಟರು. ಮೇಷ್ಟ್ರು ಅವರನ್ನ ಒಂದು ನಾಟಕ ಕಂಪನಿಗೆ ಸೇರಿಸಿದರು. ತಿಪಟೂರು, ಅರಸೀಕೆರೆ, ಕಡೂರು, ಎಲ್ಲ ಕಡೆ ಕಂಪನಿ ಕ್ಯಾಂಪು. ಮಾತಾಡುವಾಗ ಗಂಡಸಿನ ದನಿ ಬಂದಿತ್ತು. ಹಾಡುವಾಗ ಮಾತ್ರ ಐದೂವರೆ ಮನೆ ಹಾಗೇ ಉಳಿದಿತ್ತು. ಬೇರೆ ಹುಡುಗರಿಗೆ ಒಡೆದು ಹೋಗೋ ದನಿ ಇವರಿಗೆ ಒಡೆಯಲಿಲ್ಲ. ಒಂದು ಊರಿನಲ್ಲಿ ಗೋಡೆಗೆ ಅಂಟಿಸೋ ಕಾಗದದಲ್ಲಿ ಕುಮಾರಿ ಲಿಂಗಮ್ಮ ಅಂತ ಹಾಕಿಬಿಟ್ಟರಂತೆ. ಹಾಸನದ ಕಡೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿ ಹೂವು, ಹಣ್ಣು, ರವಿಕೆ ಕಣ ತಗೊಂಡು ಹೆಣ್ಣು ಕೇಳೋಕೆ ಬಂದ. ಇವರು ಬನಿಯನ್ನು ಹಾಕಿಕೊಂಡು ಬೀಡಿ ಸೇದ್ತಾ ಕೂತಿದ್ದರು. "ಲಿಂಗಮ್ಮ ಎಲ್ಲಿ?" ಅಂತ ಇವರನ್ನೇ ಕೇಳಿದ. "ಈಗ ತಾನೆ ಸತ್ತೋದ್ಲು" ಅಂದರಂತೆ. ಹಣ್ಣು ಮಾತ್ರ ತಿಂದರು.

ಈಗ ಒನ್ಸ್ ಮೋರ್ ವಿಷಯ ಹೇಳಬೇಕು. ಇಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿಲ್ಲ. ನಾಟಕದಲ್ಲಿ ಪದ್ಯ ಚೆನ್ನಾಗಿದ್ದರೆ ಜನ ಒನ್ಸ್ ಮೋರ್ ಅಂತ ಕೂಗ್ತಾರೆ. ಕೂಗಿದರೆ ಮತ್ತೆ ಹಾಡಬೇಕು. ಅಭಿಮನ್ಯು ಸತ್ತು ಬಿದ್ದಿದ್ದರೂ ಎದ್ದು, ಮಣ್ಣು ಒದರಿಕೊಂಡು, ಹಾಡಿ, ಮತ್ತೆ ಸಾಯಬೇಕು. ಇಲ್ಲ ಅನ್ನೋ ಹಾಗಿಲ್ಲ. ಇಲ್ಲ ಅಂದರೆ ಜನಕ್ಕೆ ಅವಮಾನ.

ಇನ್ನೊಂದು, ಎಳೆಯೋ ಕೆಲಸ. ದುಶ್ಶಾಸನ ದ್ರೌಪದಿಯ ತಲೆಗೂದಲು ಹಿಡಿದು ಸಭೆಗೆ ಎಳೆದು ತರ್ತಾನೆ. ನೋಡೋರಿಗೆ ಹಾಗೆ ಕಾಣುತ್ತೆ. ನಿಜವಾಗಿ ಅವನು ಎಳೆಯಲ್ಲ. ಅವನು ಚೌರಿ, ಅಂದರೆ ಕಟ್ಟಿಕೊಂಡ ಸುಳ್ಳು ಕೂದಲಿನ ಮೇಲೆ ಕೈ ಇಡ್ತಾನೆ, ದ್ರೌಪದಿ ಎರಡು ಕೈಯಿಂದ ಅವನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಳ್ತಾಳೆ. ಭಾರವೆಲ್ಲ ಅವಳ ತೋಳಿನ ಮೇಲೆ. ಹಾಗೆ ಜೋತು ಬಿದ್ದುಕೊಂಡೇ ಪದ್ಯ ಶುರು ಮಾಡಬೇಕು. ಸ್ಟೇಜಿನ ನಡುವೆ ದುಶ್ಶಾಸನ ನಿಲ್ಲಬೇಕು. ಅವನು ನಿಂತ ಮೇಲೆ ಒಂದು ಸಾಲು ಬರುತ್ತೆ, ಮೇಷ್ಟ್ರೇ ಕಟ್ಟಿದ್ದು: ಎರಡೂ ಕೈ ಬಿಟ್ಟೆನೋ ಕೃಷ್ಣಾ, ಇನ್ನು ಹಿಡಿಯುವವನು ನೀನೇ. ಆಗ ದ್ರೌಪದಿ ಎರಡೂ ಕೈ ಬಿಟ್ಟು ಮೇಲಕ್ಕೆ ಎತ್ತಬೇಕು. ಚೌರಿಯನ್ನ ಸಡಿಲವಾಗಿ ಕಟ್ಟಿರ್ತಾರೆ. ಕೈ ತಪ್ಪಿದರೆ ಚೌರಿ ಕಿತ್ತು ಬರುತ್ತೆ, ಕತ್ತು ಉಳಿಯುತ್ತೆ.

ಎಮರ್ಜೆನ್ಸಿ ಮುಗಿದ ಮೇಲಿನ ವರ್ಷ ಊರಿನವರೇ ಇವರನ್ನ ಕರೆಸಿದರು. ಕಂಪನಿಯ ದ್ರೌಪದಿ ನಮ್ಮೂರ ಹುಡುಗ ಅಂತ. ದುಶ್ಶಾಸನನ ಪಾರ್ಟು ಪಟೇಲರ ಮಗ ಹಿಡಿದಿದ್ದ. ಅವನಿಗೆ ಪದ್ಯ ಬರ್ತಿರಲಿಲ್ಲ. ಕುಡಿದಿದ್ದ. ಜನ ದ್ರೌಪದಿಗೆ ಒನ್ಸ್ ಮೋರ್ ಅಂದರು, ಇವರು ಹಾಡಿದರು. ಮತ್ತೆ ಅಂದರು, ಹಾಡಿದರು. ಮೂರನೇ ಸಲ ಅರ್ಧ ಪದ್ಯಕ್ಕೆ ಗಂಟಲಲ್ಲಿ ರಕ್ತದ ರುಚಿ ಬಂತಂತೆ. ನಿಲ್ಲಿಸಿ, ಜನಕ್ಕೆ ಕೈ ಮುಗಿದು, ಸಾಕು ಅಂದರು.

ಜನ ಹೋ ಅಂತ ಕೂಗಿದರು. ಪಟೇಲರ ಮಗನಿಗೆ ಅದೇ ಬೇಕಿತ್ತು. ಚೌರಿ ಹಿಡಿದು ನಿಜವಾಗಿ ಎಳೆದ. ಚೌರಿ ಕಿತ್ತು ಬಂತು. ಸೀರೆ ಉಟ್ಟ ಮೈ ಮೇಲೆ ಗಂಡಸಿನ ಕ್ರಾಪು ತಲೆ. ಇಡೀ ಊರು ನಕ್ಕಿತು. ಏಟಿಗಿಂತ ಆ ನಗು ನೋಯ್ತು ಅಂತ ಇವರು ಹೇಳೋರು. ಆದರೆ ಏಟೂ ಸಣ್ಣದಲ್ಲ. ಅವನೂ ಅವನ ಸ್ನೇಹಿತರೂ ಬಿದ್ದವರನ್ನ ಒದ್ದರು. ದುಶ್ಶಾಸನನ ಗದೆ ಮರದ್ದು, ಅದರಲ್ಲಿ ಪಕ್ಕೆಗೆ ಹೊಡೆದರು. ಕೊನೆಗೆ ಪಟೇಲರ ಮಗ ಗಂಟಲ ಮೇಲೆ ಕಾಲಿಟ್ಟು ನಿಂತ. "ಈಗ ಹಾಡೆ" ಅಂದ. ಹಾರ್ಮೋನಿಯಂ ಮೇಷ್ಟ್ರು ಬಿಡಿಸೋಕೆ ಬಂದರು, ಅವರ ಕೈಬೆರಳು ಮುರಿದರು. ಅವರಪ್ಪ ಮುಂದಿನ ಸಾಲಲ್ಲಿ ಕೂತಿದ್ದ. ಏಳಲಿಲ್ಲ.

ಆವತ್ತಿಗೆ ಹಾಡು ಹೋಯಿತು. ಮಾತೂ ಹೋಯಿತು, ಪಿಸುಗುಟ್ಟೋಷ್ಟು ಮಾತ್ರ ಉಳಿಯಿತು. ಊರವರು, ಕಂಪನಿಯಲ್ಲಿ ಯಾರೋ ಹೊಟ್ಟೆಕಿಚ್ಚಿಗೆ ಹಾಲಿನಲ್ಲಿ ಸಿಂಧೂರ ಹಾಕಿ ಕುಡಿಸಿದರು, ಅದಕ್ಕೇ ದನಿ ಕಟ್ಟಿತು ಅಂತ ಕತೆ ಹೇಳ್ತಾರೆ. ನನ್ನ ಮದುವೆಯಲ್ಲೂ ಹಾಗೇ ಹೇಳಿದರು. ಸುಳ್ಳು. ಒಂದು ಕಾಲು, ಒಂದು ಗಂಟಲು. ಸಿಂಧೂರ ಇಲ್ಲ, ಏನೂ ಇಲ್ಲ.

ನಾನು ಚಿಕ್ಕತಾಯಮ್ಮ. ನಾನು ಮದುವೆಯಾಗಿದ್ದು ಪಿಸುಮಾತಿನ ಗಂಡಸನ್ನ. ಅವರು ತುಮಕೂರಿನಲ್ಲಿ ಅಕ್ಕಿ ಗಿರಣಿಗೆ ಸೇರಿದ್ದರು. ಆ ಸದ್ದಿನಲ್ಲಿ ಯಾರ ದನಿಯೂ ಕೇಳಲ್ಲ, ಇವರಿಗೆ ಅನುಕೂಲ. ಮನೆಯಲ್ಲಿ ನನ್ನನ್ನ ಕರೆಯೋಕೆ ಚಪ್ಪಾಳೆ ತಟ್ಟೋರು. "ನಾನೇನು ನಾಯಿಯಾ?" ಅಂತ ಜಗಳ ಆಡಿದ್ದೆ. ಆಮೇಲೆ ಆ ಪಟೇಲರ ಮಗನನ್ನ ಜಮೀನಿನ ಜಗಳದಲ್ಲಿ ಅವನ ದಾಯಾದಿಗಳೇ ಕೊಚ್ಚಿದರು. ಇವರು ಮಣ್ಣಿಗೆ ಹೋಗಿ ಬಂದು ಸ್ನಾನ ಮಾಡಿ ಉಂಡರು.

ನಾನು ಅವರ ಹಾಡು ಮೊದಲ ಸಲ ಕೇಳಿದ್ದು ಅಮೆರಿಕದಲ್ಲಿ. ಅದೂ ಬಾತುಕೋಳಿಯಿಂದ.

ಲಾವಣ್ಯಾ ಇಲ್ಲಿ ಆಸ್ಪತ್ರೆಯಲ್ಲಿ ಉಸಿರಾಟದ ವಿಭಾಗದಲ್ಲಿ ಕೆಲಸ ಮಾಡ್ತಾಳೆ. ಉಸಿರು ನಿಲ್ಲೋರಿಗೆ ಪೈಪು, ಮೆಷಿನ್ನು ನೋಡಿಕೊಳ್ಳೋದು. ಅಳಿಯ ದರ್ಶನ್ ನ್ಯೂಯಾರ್ಕಿಗೆ ಕಮ್ಯೂಟ್ ಮಾಡ್ತಾರೆ. ಆನ್ಯಾಳನ್ನ ನೋಡಿಕೊಳ್ಳೋಕೆ ನಮ್ಮನ್ನ ಕರೆಸಿಕೊಂಡರು. ನಮ್ಮ ಮನೆ ಹತ್ತಿರ ಒಂದು ಪಾರ್ಕು, ಅದರಲ್ಲಿ ಕೊಳ. ಅಲ್ಲಿ ದೊಡ್ಡ ಬಾತುಕೋಳಿಗಳು ಇರ್ತವೆ, ಕರೀ ಕತ್ತಿನವು. ಅವಕ್ಕೆ ಯಾರ ಭಯವೂ ಇಲ್ಲ. ಒಂದು ದಿನ ಒಂದು ಗಂಡು ಆನ್ಯಾಳ ಮೇಲೆ ಬಂತು. ಆಗ ಅವಳು ಚಿಕ್ಕವಳು. ರೆಕ್ಕೆಯಿಂದ ಮುಖಕ್ಕೆ ಹೊಡೀತು, ಕೆಳಗೆ ಬಿದ್ದಳು, ತೊಡೆ ಕಚ್ಚಿ ಹಿಡೀತು, ರಕ್ತ ಬಂತು. ಇವರು ಓಡಿದರು. ಓಡ್ತಾ ಕೂಗಿದರು.

ಆ ಕೂಗನ್ನ ನಾನು ಹೇಗೆ ಬರೀಲಿ. ಯಾರೋ ಹೆಂಗಸು ಕೂಗಿದಳು ಅಂತ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಪಾರ್ಕಿನಲ್ಲಿದ್ದ ಬಿಳಿಯರೆಲ್ಲ ನಿಂತರು. ಇವರು ಬಾತುಕೋಳಿಯ ಕತ್ತು ಹಿಡಿದು ಎತ್ತಿ, ಬೀಸಿ, ಕೊಳಕ್ಕೆ ಎಸೆದರು.

ಒಬ್ಬ ಅಜ್ಜಿ ನಾಯಿ ಹಿಡಿದುಕೊಂಡು ಬಂದು ಇವರಿಗೆ ಬೈದಳು. ಆನ್ಯಾ ಅಳ್ತಾ ಅಳ್ತಾ ನಮಗೆ ತಿಳಿಸಿದಳು, ಅದು ಸರ್ಕಾರ ಕಾಪಾಡೋ ಹಕ್ಕಿಯಂತೆ, ಪೊಲೀಸಿಗೆ ಫೋನ್ ಮಾಡ್ತಾಳಂತೆ.

"ಮಾಡ್ಲಿ" ಅಂದರು ಇವರು. ಅವರಿಗೆ ಅದು ಕಿವಿಗೇ ಹೋಗಿರಲಿಲ್ಲ. ಕೈ ಗಂಟಲ ಮೇಲಿತ್ತು. "ಕೇಳಿಸ್ತಾ ತಾಯಮ್ಮ? ನಿಂಗೂ ಕೇಳಿಸ್ತಾ?"

ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಮತ್ತೆ ಕೂಗಿ ನೋಡಿದರು. ಇತ್ತು.

ಆಮೇಲೆ ವರ್ಷಗಟ್ಟಲೆ ತಾಲೀಮು. ಊಟದ ಬಿಡುವಿನಲ್ಲಿ ಅಂಗಡಿಯ ಹಿಂದೆ ದರ್ಶನ್‌ನ ಹಳೇ ಕಾರಿನ ಗಾಜು ಏರಿಸಿಕೊಂಡು ಹಾಡೋರು. ದನಿ ಮೊದಲು ಒಡಕು ಮಡಕೆ ಹಾಗಿತ್ತು. ನಿಧಾನಕ್ಕೆ ಕೂಡಿಕೊಂಡಿತು. "ಆ ಅರ್ಧ ಪದ್ಯ ಇನ್ನೂ ಗಂಟಲಲ್ಲೇ ಅದೆ ಕಣಮ್ಮಿ" ಅನ್ನೋರು. "ಒಂದೇ ಒಂದ್ ಸಲ ಸ್ಟೇಜ್ ಮೇಲೆ ನಿಂತ್ಕಂಡು, ಐದೂವರೆ ಮನೇಲಿ, ಪೂರ್ತಿ ಹೇಳ್ಬುಟ್ರೆ ಸಾಕು. ಆಮೇಲೆ ಬಾಯಿಗೆ ಬೀಗ ಹಾಕ್ತೀನಿ." ಅವರಿಗೆ ಬೇಕಾಗಿದ್ದು ಅದೊಂದೇ. ಕಾರು ಬೇಡ, ಮನೆ ಬೇಡ, ಸಿಟಿಜನ್ ಆಗೋದೂ ಬೇಡ.

ಸಂಘದವರು ರಾಜ್ಯೋತ್ಸವಕ್ಕೆ ಕುರುಕ್ಷೇತ್ರದ ಒಂದು ಭಾಗ ಆಡ್ತೀವಿ ಅಂದಾಗ ಇವರು ತಾವೇ ಹೋಗಿ ಕೇಳಿದರು. ಮಾಧವಿಯ ಮನೆಯ ಬೇಸ್‌ಮೆಂಟಿನಲ್ಲಿ ಪ್ರಾಕ್ಟೀಸು. ನಾನೂ ಹೋಗಿ ಮೂಲೆಯಲ್ಲಿ ಕೂರ್ತಿದ್ದೆ. ಮುಕುಂದ್ ಕೀಬೋರ್ಡಿನಲ್ಲಿ ಹಾರ್ಮೋನಿಯಂ ನುಡಿಸ್ತಿದ್ದರು.

"ಅಂಕಲ್, ಹಾಡು ರೆಕಾರ್ಡ್ ಮಾಡಿ ಟ್ರ್ಯಾಕ್ ಹಾಕೋಣ" ಅಂದರು ಮಾಧವಿ. "ನೀವು ಬಾಯಿ ಆಡಿಸಿದ್ರೆ ಸಾಕು. ಈ ವಯಸ್ಸಲ್ಲಿ ಸ್ಟ್ರೇನ್ ಯಾಕೆ?"

"ಬಾಯಿ ಆಡ್ಸೋಕೆ ನಾನೇನು ದನವಾ, ಮೆಲುಕು ಹಾಕೋಕೆ?"

"ಹಾಗಲ್ಲ ಅಂಕಲ್. ಶ್ರುತಿನಾದ್ರೂ ಒಂದ್ ಸ್ವಲ್ಪ ಇಳಿಸೋಣ."

"ಮುಕುಂದಪ್ಪ, ಐದೂವರೆ ಇಡು." ಮುಕುಂದ್ ಇಟ್ಟರು. ಇವರು ಹಾಡಿದರು. ಮಾಧವಿ ಆಮೇಲೆ ಟ್ರ್ಯಾಕಿನ ಮಾತು ಎತ್ತಲಿಲ್ಲ.

ದುಶ್ಶಾಸನ ಕಶ್ಯಪ್. ವೆಸ್ಟ್ ವಿಂಡ್ಸರಿನ ಹುಡುಗ, ಇಂಜಿನಿಯರು, ಜಿಮ್ಮಿಗೆ ಹೋಗೋ ಮೈ. ಇವರು ಅವನಿಗೆ ಮಣಿಕಟ್ಟಿನ ವಿದ್ಯೆ ಕಲಿಸಿದರು. ನೆಲಕ್ಕೆ ನೀಲಿ ಟೇಪು ಅಂಟಿಸಿ, "ಇಲ್ಲಿ ನಿಂತ್ಕೊಬೇಕು. ಆಕಾಶ ಬಿದ್ರೂ ಇದನ್ನ ದಾಟ್ಬಾರ್ದು" ಅಂದರು.

"ಅಂಕಲ್, ನಾನು ಜೋರಾಗಿ ಎಳೆದ ಹಾಗೆ ಕಾಣ್ಬೇಕಲ್ವಾ?"

"ನೀನು ಹಲ್ಲು ಕಡಿ, ಕಣ್ಣು ಬಿಡು. ಎಳಿಯೋದು ನನ್ ಕೆಲಸ."

"ನೀವು ನನಗಿಂತ ಸ್ಟ್ರಾಂಗ್ ಅಂಕಲ್."

"ಸೊಪ್ಪು ಕಟ್ಟಿ ಕಟ್ಟಿ ಬಂದಿದ್ದು. ನಿನ್ ಜಿಮ್ಮಿನೋರಿಗೂ ಹೇಳು, ಅಂಗಡಿಗೆ ಬರ್ಲಿ."

ಲಾವಣ್ಯಾಳಿಗೆ ಮಾತ್ರ ಸಮಾಧಾನವಿರಲಿಲ್ಲ. ಇವರ ಎದೆಯಲ್ಲಿ ಸ್ಟೆಂಟ್ ಹಾಕಿತ್ತು, ರಕ್ತ ತೆಳ್ಳಗೆ ಮಾಡೋ ಮಾತ್ರೆ ನುಂಗ್ತಿದ್ದರು. "ಅಪ್ಪ, ಬಿದ್ದು ತಲೆಗೆ ಏಟಾದ್ರೆ ರಕ್ತ ನಿಲ್ಲಲ್ಲ. ನಾನು ದಿನಾ ನೋಡ್ತೀನಿ."

"ಬೀಳಕಿಲ್ಲ ಬುಡವ್ವ."

"ಆಯ್ತು, ಒಂದೇ ಸಲ. ಪ್ರಾಮಿಸ್ ಮಾಡಿ."

"ಒಂದೇ ಸಲ" ಅಂದರು. ಸುಳ್ಳು ಹೇಳಬೇಕು ಅಂತ ಹೇಳಲಿಲ್ಲ. ಅವರಿಗೆ ಬೇಕಾಗಿದ್ದೇ ಒಂದು ಸಲ.

ಶನಿವಾರ ಬಾಡಿಗೆಗೆ ಹಿಡಿದ ಆಡಿಟೋರಿಯಂ. ಹಿಂದಿನ ರೂಮಿನಲ್ಲಿ ಇವರು ಬಣ್ಣ ಹಚ್ಚಿಕೊಂಡು, ಸೀರೆ ಉಟ್ಟು, ಚೌರಿ ತಾವೇ ಕಟ್ಟಿಕೊಂಡರು. ಚೌರಿಯ ಲಾಡಿಯನ್ನ ಗದ್ದದ ಕೆಳಗಿನಿಂದ ತಂದು ಬಿಗಿದು ಗಂಟು ಹಾಕಿದರು. ಅದರ ಮೇಲೆ ಇನ್ನೊಂದು ಗಂಟು. ಲಾಡಿ ಮುಚ್ಚೋ ಹಾಗೆ ಕತ್ತಿಗೆ ಅಗಲವಾದ ಅಡ್ಡಿಕೆ ಸರ ಹಾಕಿಕೊಂಡರು.

"ಸಡಿಲ ಇರ್ಬೇಕು ಅಂತ ನೀವೇ ಹೇಳ್ತಿದ್ರಲ್ಲ" ಅಂದೆ.

"ಈ ಸಲ ಕಳಚಬಾರ್ದು. ಆನ್ಯಾಳ ಸ್ನೇಹಿತರು ಬಂದವ್ರೆ. ನಗಬಾರ್ದು."

ಪರದೆ ಹಿಂದೆ ಕಶ್ಯಪ್ ಇವರ ಕಾಲು ಮುಟ್ಟಿದ. ದುಶ್ಶಾಸನ ದ್ರೌಪದಿಯನ್ನ ಮುಟ್ಟೋ ಮೊದಲು ಕಾಲಿಗೆ ಬಿದ್ದು ಅಪ್ಪಣೆ ಕೇಳಬೇಕು, ಅದು ಪದ್ಧತಿ. "ಏನಾದ್ರೂ ತಪ್ಪಾದ್ರೆ ಸಾರಿ ಅಂಕಲ್" ಅಂದ.

"ಸಾರಿ ಅಲ್ಲ ಕಣಪ್ಪ. ತಾಯಿ, ಹೊಟ್ಟೆಗೆ ಹಾಕ್ಕೊ ಅನ್ನು. ಇವತ್ತು ನಾನು ತಾಯಿ."

"ತಾಯಿ, ಹೊಟ್ಟೆಗೆ ಹಾಕ್ಕೊ."

"ಹಾಕ್ಕೊಂಡೆ. ನಡಿ."

ನಾನು ಪಕ್ಕದಲ್ಲಿ, ಪರದೆಯ ಮರೆಯಲ್ಲಿ ನಿಂತಿದ್ದೆ. ಪರದೆ ಎದ್ದಿತು. ಕಶ್ಯಪ್ ಎಳೆದುಕೊಂಡು ಬಂದ. ಜೋತು ಬಿದ್ದುಕೊಂಡೇ ಶುರು ಮಾಡಿದರು. ಆ ದನಿ ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು. ಕಶ್ಯಪ್ ಟೇಪಿನ ಮೇಲೆ ನಿಂತ. ಇವರು ಎರಡೂ ಕೈ ಬಿಟ್ಟು ಎತ್ತಿ, ಉಳಿದ ಅರ್ಧವನ್ನೂ ಹಾಡಿದರು. ಕೊನೆಯ ಸಾಲಿನವರೆಗೂ. ಒಂದು ಅಕ್ಷರ ಬಿಡಲಿಲ್ಲ.

ಮುಗಿದಿತ್ತು. ನನ್ನ ಕಡೆ ತಿರುಗಿ ನೋಡಿದರು. ಅಷ್ಟು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ. ಅಲ್ಲಿಗೇ ಪರದೆ ಬಿದ್ದಿದ್ದರೆ ಇವತ್ತು ಕೊತ್ತಂಬರಿ ಕಟ್ಟುತ್ತಾ ಇರೋರು.

ನೀವು ಒನ್ಸ್ ಮೋರ್ ಅಂದಿರಿ.

ಯಾರೋ ಒಬ್ಬರು ಶುರು ಮಾಡಿದರು, ಆಮೇಲೆ ಎಲ್ಲರೂ. ನಾನು ಬೇಡ ಅಂತ ತಲೆ ಆಡಿಸಿದೆ. ಲಾವಣ್ಯಾ ಮೂರನೇ ಸಾಲಿನಲ್ಲಿ ಎದ್ದು ನಿಂತಿದ್ದಳು, ಅವಳ ದನಿ ನಿಮ್ಮ ಸದ್ದಿನಲ್ಲಿ ಕೇಳಲಿಲ್ಲ. ಇವರು ಒಂದು ಗಳಿಗೆ ಜನರನ್ನ ನೋಡಿದರು. ಹಿಂದೆ ಸಾಕು ಅಂದಿದ್ದಕ್ಕೆ ಏನಾಯಿತು ಅಂತ ಅವರಿಗೆ ಗೊತ್ತು. ಮುಕುಂದ್ ಕಡೆ ತಲೆ ಬಾಗಿಸಿದರು. ಕಶ್ಯಪ್ ಮತ್ತೆ ಒಳಗಿನಿಂದ ಎಳೆದು ತಂದ. ಮತ್ತೆ ಪೂರ್ತಿ ಹಾಡಿದರು.

ಮತ್ತೆ ಒನ್ಸ್ ಮೋರ್. ಶಿಳ್ಳೆ. ಫೋನುಗಳೆಲ್ಲ ಮೇಲೆದ್ದವು. ಒಳಗೆ ಬಂದಾಗ ಅವರ ತೋಳು ಅದುರುತ್ತಿತ್ತು. ಬೆವರಿಗೆ ಬಣ್ಣ ಇಳಿದಿತ್ತು. "ಸಾಕು ಬನ್ನಿ" ಅಂತ ಸೆರಗು ಹಿಡಿದೆ. "ಬುಡು, ಕರೀತಾವ್ರೆ" ಅಂದರು. ನನ್ನ ಕೈಯಿಂದ ಸೆರಗು ಬಿಡಿಸಿಕೊಂಡರು. ನನ್ನ ಜೊತೆ ಆಡಿದ ಕೊನೇ ಮಾತು ಅದು.

ಮೂರನೇ ಸಲ ನೀವು ಪದ್ಯಕ್ಕೆ ಚಪ್ಪಾಳೆ ತಟ್ಟುತ್ತಾ ಕೂತಿರಿ. ಆ ಚಪ್ಪಾಳೆಗೆ ಕಶ್ಯಪ್‌ಗೆ ಹುರುಪು ಬಂತು. ಅವನು ಟೇಪು ದಾಟಿದ. ಮುಂದಕ್ಕೆ, ಸ್ಟೇಜಿನ ಅಂಚಿನ ಕಡೆ ಹೋದ. ಇವರು ಕಣ್ಣು ಮುಚ್ಚಿ ಹಾಡ್ತಿದ್ದರು. ಆ ಸಾಲು ಬಂತು. ಎಂದಿನ ಹಾಗೆ ಎರಡೂ ಕೈ ಬಿಟ್ಟರು. ಅವನು ಇನ್ನೂ ನಡೀತಿದ್ದ. ಭಾರವೆಲ್ಲ ಚೌರಿಗೆ ಬಂತು. ಚೌರಿ ಕಳಚಲಿಲ್ಲ. ಕತ್ತು ಹಿಂದಕ್ಕೆ ಮುರಿದ ಹಾಗೆ ಹೋಯಿತು, ಹಾಡು ಅರ್ಧಕ್ಕೆ ಕುಯ್ದ ಹಾಗೆ ನಿಂತಿತು. ಕಾಲು ಸೀರೆಗೆ ಸಿಕ್ಕಿತು. ಅಂಚಿನಿಂದ ಕೆಳಗೆ ಬಿದ್ದರು. ಮುಂದಿನ ಸಾಲಿನ ಕುರ್ಚಿಯ ಕಬ್ಬಿಣಕ್ಕೆ ತಲೆ ಹೊಡೆದ ಸದ್ದು ನನಗೆ ಮೇಲಿನವರೆಗೂ ಕೇಳಿಸಿತು.

ಕೆಲವರು ಆಗಲೂ ಚಪ್ಪಾಳೆ ತಟ್ಟುತ್ತಿದ್ದರು. ನಾಟಕ ಅಂದುಕೊಂಡರು.

ನಾನು ಇಳಿದು ಹೋಗಿ ಗದ್ದದ ಕೆಳಗಿನ ಗಂಟು ಬಿಚ್ಚೋಕೆ ನೋಡಿದೆ. ಬಿಗಿದು ಕೂತಿತ್ತು. ಹಲ್ಲಿನಲ್ಲಿ ಕಚ್ಚಿ ಹರಿದೆ. ಕಿವಿಯಿಂದ ರಕ್ತ ಬರ್ತಿತ್ತು. ಲಾವಣ್ಯಾ ಮಂಡಿ ಊರಿ ಕುಳಿತು ಕತ್ತು ಅಲ್ಲಾಡದ ಹಾಗೆ ಹಿಡಿದುಕೊಂಡಳು. ಅವಳ ಮದುವೆ ಸೀರೆಯನ್ನ ಆಂಬ್ಯುಲೆನ್ಸಿನವರು ಕತ್ತರಿಯಲ್ಲಿ ಉದ್ದಕ್ಕೂ ಕತ್ತರಿಸಿದರು.

ಆಸ್ಪತ್ರೆಯಲ್ಲಿ ಗಂಟಲೊಳಗೆ ಪೈಪು ಹಾಕಿದರು. ಆ ಗಂಟಲಿಗೇ. ಮೆಷಿನ್ನು ಉಸಿರಾಡಿಸ್ತಿತ್ತು, ಎದೆ ಏರಿ ಇಳೀತಿತ್ತು, ಮನುಷ್ಯ ಇರಲಿಲ್ಲ.

ಪೊಲೀಸಿನವರು ಅಲ್ಲಿಗೇ ಬಂದರು. ಯಾರದೋ ಫೋನಿನ ವಿಡಿಯೋ ತೋರಿಸಿದರು. ಗಟ್ಟಿಮುಟ್ಟಾದ ಹುಡುಗ ಒಬ್ಬ ಮುದುಕರನ್ನ ತಲೆ ಹಿಡಿದು ಎಳೀತಾ ಇದ್ದಾನೆ, ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಅವರಿಗೆ ಏನು ಅರ್ಥವಾಗಬೇಕು. ಕಶ್ಯಪ್‌ನನ್ನ ಕೆಳಗೆ ಕೂರಿಸಿದ್ದರಂತೆ, ಇನ್ನೂ ಮೀಸೆ ಬಣ್ಣದಲ್ಲೇ. ಲಾವಣ್ಯಾ ಅವರು ಕೇಳಿದ್ದನ್ನ ನನಗೆ ಕನ್ನಡದಲ್ಲಿ ಹೇಳಿದಳು.

"ಅಮ್ಮ, ಅವನು ಎಳೆಯೋದು ಅಪ್ಪನಿಗೆ ಒಪ್ಪಿಗೆ ಇತ್ತಾ ಅಂತ ಕೇಳ್ತಿದ್ದಾರೆ."

"ಎಳೀಲೇಬೇಕು. ಎಳೀದಿದ್ರೆ ದ್ರೌಪದಿ ಯಾಕೆ ಕೂಗ್ತಾಳೆ?"

"ಹಂಗೆ ಹೇಳ್ಬೇಡಮ್ಮ. ಸರಿಯಾಗಿ ಹೇಳು. ಅವನು ಬೇಕು ಅಂತ ಮಾಡಿದ್ನಾ?"

ಆ ಗಳಿಗೆಯಲ್ಲಿ ಹೌದು ಅನ್ನಬೇಕು ಅಂತ ನನಗೆ ಬಾಯಿಯವರೆಗೂ ಬಂತು. ಯಾರಾದರೂ ಒಬ್ಬರು ಜೈಲಿಗೆ ಹೋಗಲಿ ಅನ್ನಿಸಿತು. ಆದರೆ ಇವರು ಅವನಿಗೆ ಹೊಟ್ಟೆಗೆ ಹಾಕ್ಕೊಂಡೆ ಅಂದಿದ್ದು ನಾನು ಕೇಳಿದ್ದೆ. ಅವರು ಆಡಿದ ಮಾತನ್ನ ನಾನು ತೆಗೆಯೋ ಹಾಗಿಲ್ಲ.

"ಇಲ್ಲ. ಹಾಡ್ತಾ ಇದ್ರು, ಬಿದ್ರು. ಎಳಿಯೋಕೆ ಕಲಿಸಿದ್ದೇ ಅವರು ಅಂತ ಹೇಳು" ಅಂದೆ. ಪೊಲೀಸಿನವರು ಬರೆದುಕೊಂಡು ಹೋದರು.

ಇನ್ನು ಏಳಲ್ಲ ಅಂದರು ಡಾಕ್ಟರು. ಪೈಪು ತೆಗೆಯೋ ದಿನ ಬಂತು. ಲಾವಣ್ಯಾ ಬೇರೆಯವರಿಗೆ ದಿನಾ ಮಾಡೋ ಕೆಲಸ ಅದು. ಅಪ್ಪನದನ್ನ ಆ ಆಸ್ಪತ್ರೆಯವರು ತೆಗೆದರು. ಅವಳು ಪಕ್ಕದಲ್ಲಿ ನಿಂತು, "ನಿಧಾನ, ನಿಧಾನ" ಅಂತ ಕನ್ನಡದಲ್ಲೇ ಹೇಳ್ತಿದ್ದಳು. ಅವರಿಗೆ ಕನ್ನಡ ಬರ್ತಿರಲಿಲ್ಲ. ಉಸಿರು ಸ್ವಲ್ಪ ಹೊತ್ತು ತಾನೇ ಆಡಿತು. ಸಣ್ಣಗೆ ಗೊರಗೊರ ಅಂದಿತು. ನಿಂತಿತು.

ಫ್ಯೂನರಲ್ ಹೋಮಿನಲ್ಲಿ ಕಶ್ಯಪ್ ಬಾಗಿಲ ಹತ್ತಿರವೇ ನಿಂತಿದ್ದ. ದರ್ಶನ್ ಅವನನ್ನ ಒಳಗೆ ಬಿಡಲಿಲ್ಲ. ನಾನು ಬಿಡಿ ಅಂದೆ. ಅವನು ಬಂದು ಕಾಲು ಮುಟ್ಟಿದ, ಏಳಲಿಲ್ಲ. ಅವನ ಕೆನ್ನೆಗೆ ಒಂದು ಹೊಡೆದೆ. ಜೋರಾಗೇ ಹೊಡೆದೆ, ಕೈ ಉರೀತು. "ಟೇಪ್ ದಾಟಬೇಡ ಅಂದಿರಲಿಲ್ವಾ?" ಅಂದೆ. "ಅಂದಿದ್ರು ಆಂಟಿ" ಅಂದ. ಅವನ ಮೇಲೆ ನನಗೆ ಈಗ ಏನೂ ಇಲ್ಲ, ಇಲ್ಲಿಗೇ ಮುಗೀತು. ಯಾರೂ ಅವನನ್ನ ಸಂಘಕ್ಕೆ ಬರಬೇಡ ಅನ್ನಬೇಡಿ.

ಅವರ ಹೆಸರಿನಲ್ಲಿ ಗಾನಕೋಗಿಲೆ ಅಂತ ಪ್ರಶಸ್ತಿ ಇಡ್ತೀವಿ ಅಂತ ಮಾಧವಿ ಹೇಳಿದರು. ಬೇಡ. ನನಗೆ ಒಂದು ಮಾತು ಕೊಟ್ಟರೆ ಸಾಕು. ಇನ್ನು ಮೇಲೆ ನಿಮ್ಮ ಸ್ಟೇಜಿನಲ್ಲಿ ಯಾರಾದರೂ ಹಾಡಿದರೆ ಒಂದು ಸಲ ಕೇಳಿ. ಕೇಳಿ ಸುಮ್ಮನಿರಿ. ಅವರು ಇಳಿದು ಮನೆಗೆ ಹೋಗಲಿ. ಅವತ್ತು ಕೂಗಿದವರು ಯಾರು ಯಾರು ಅಂತ ನನಗೆ ಗೊತ್ತು, ಬೆಳಕು ನಿಮ್ಮ ಮೇಲೂ ಇತ್ತು. ಹೆಸರು ಬರೆಯಲ್ಲ. ನಮ್ಮ ಮನೆಗೆ ಬಂದು ಅತ್ತು ಅನ್ನ ಸಾರು ಇಟ್ಟು ಹೋದವರೂ ನೀವೇ. ಪಾತ್ರೆ ತೊಳೆದಿಟ್ಟಿದ್ದೀನಿ, ತಗೊಂಡು ಹೋಗಿ.

ಅವರು ಪದ್ಯ ಪೂರ್ತಿ ಹೇಳಿದರು. ಎರಡು ಸಲ ಹೇಳಿದರು. ಅದನ್ನ ಬರೆಯೋಕೆ ನಾನು ಇಷ್ಟು ಬರೆದಿದ್ದು.

ಲಾವಣ್ಯಾಳಿಗೆ ಬೆಳಗಿನ ಶಿಫ್ಟು. ಅವಳ ಕಾರು ಹೊರಗೆ ನಿಲ್ಲುತ್ತೆ. ಅವಳು ಏಳೋ ಮೊದಲು ನಾನು ಸ್ವೆಟರು, ದರ್ಶನ್‌ನ ಬೂಟು ಹಾಕಿಕೊಂಡು ಹೋಗಿ ಮುಂದಿನ ಗಾಜಿನ ಮೇಲಿನ ಐಸು ಕೆರೀತೀನಿ. ಮೊದಲು ಡ್ರೈವರ್ ಕಡೆ, ಆಮೇಲೆ ಈ ಕಡೆ, ಆಮೇಲೆ ಹಿಂದಿನದು. ವೈಪರು ಎತ್ತಿ ಅದರ ಕೆಳಗಿನದೂ ತೆಗೀಬೇಕು, ಇಲ್ಲದಿದ್ದರೆ ರಬ್ಬರು ಕಿತ್ತು ಬರುತ್ತೆ. ಐಸು ಇಲ್ಲದ ದಿನ ಬಟ್ಟೆ ತಗೊಂಡು ಇಬ್ಬನಿ ಒರೆಸ್ತೀನಿ.